ಒತ್ತಡ ಫೋನಿನಲ್ಲೇ ಬರಬೇಕೆಂದಿಲ್ಲ

ವಾಯಿದೆ ಮುಗಿಸಿ ಕೋರ್ಟ್ ಹಾಲಿನಿಂದ ಹೊರಗೆ ಬಂದ ಕೂಡಲೇ ಕಕ್ಷಿದಾರರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುವ ಒಂದು ಪ್ರಶ್ನೆ ಇದೆ. "ಸಾರ್, ಎದುರು ಪಾರ್ಟಿಗೆ ಮಂತ್ರಿಗಳು ಚೆನ್ನಾಗಿ ಗೊತ್ತಂತೆ. ಜಡ್ಜಿಗೆ ಫೋನ್ ಹೋಗಿರುತ್ತಾ?" ವಕೀಲನಾಗಿ ಇದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಫೋನ್ ಮಾಡುವ ದಡ್ಡರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಜಾಣ ರಾಜಕಾರಣಿಗೆ ಫೋನ್ ಬೇಕಾಗುವುದೇ ಇಲ್ಲ. ಜಡ್ಜಿನ ಬಡ್ತಿ, ವರ್ಗಾವಣೆ, ನಿವೃತ್ತಿ, ನಿವೃತ್ತಿಯ ನಂತರದ ಹುದ್ದೆ ಇವು ಅವನ ಕೈಯಲ್ಲಿದ್ದರೆ ಸಾಕು. ಯಾರೂ ಬಾಯಿ ಬಿಡದೆ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ.

ಹಿಂದೆ ಇಷ್ಟು ನಾಜೂಕು ಇರಲಿಲ್ಲ. 1616ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಹನ್ನೆರಡು ಮಂದಿ ನ್ಯಾಯಾಧೀಶರನ್ನು ಎದುರಿಗೆ ನಿಲ್ಲಿಸಿಕೊಂಡ. ನಾನು ಹೇಳಿದರೆ ಕೇಸಿನ ವಿಚಾರಣೆ ನಿಲ್ಲಿಸುತ್ತೀರಾ ಎಂದು ಕೇಳಿದ. ಹನ್ನೊಂದು ಮಂದಿ ತಲೆಯಾಡಿಸಿದರು. ಎಡ್ವರ್ಡ್ ಕೋಕ್ ಒಬ್ಬರು ಮಾತ್ರ, ಆ ಸಂದರ್ಭ ಬಂದಾಗ ನ್ಯಾಯಾಧೀಶ ಮಾಡಬೇಕಾದ್ದನ್ನು ಮಾಡುತ್ತೇನೆ ಎಂದರು. ಅದೇ ವರ್ಷ ಅವರ ಕೆಲಸ ಹೋಯಿತು. ದೊರೆಗೆ ಇಷ್ಟವಿರುವಷ್ಟು ದಿನ ಮಾತ್ರ ನೌಕರಿ ಎಂಬ ಕಾಲ ಅದು. ನಡತೆ ಸರಿಯಿರುವ ತನಕ ನ್ಯಾಯಾಧೀಶರನ್ನು ಸುಮ್ನೆ ತೆಗೆಯುವಂತಿಲ್ಲ, ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನ ದೊರೆಯನ್ನು ಕೋರಬೇಕು ಎಂಬ ನಿಯಮ ಬಂದದ್ದು 1701ರ ಕಾಯ್ದೆಯಲ್ಲಿ.

ಈಗ ಜಡ್ಜನ್ನು ಕರೆದು ಗದರಿಸುವವರು ಕಡಿಮೆ. ನಿಯಮವನ್ನೇ ಬದಲಾಯಿಸಿಬಿಡುತ್ತಾರೆ. ಹಂಗೇರಿಯಲ್ಲಿ 2012ರಲ್ಲಿ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿದರು. ಹಿರಿಯರು ಒಟ್ಟಿಗೆ ಮನೆಗೆ ಹೋಗಬೇಕಾಯಿತು. ಐರೋಪ್ಯ ಒಕ್ಕೂಟದ ನ್ಯಾಯಾಲಯ ಅದೇ ವರ್ಷದ ನವೆಂಬರಿನಲ್ಲಿ ಇದು ತಪ್ಪು ಎಂದಿತು. ಪೋಲೆಂಡ್ 2018ರಲ್ಲಿ ತನ್ನ ಸುಪ್ರೀಂ ಕೋರ್ಟಿನವರ ವಯಸ್ಸಿನ ಮಿತಿಯನ್ನು 70ರಿಂದ 65ಕ್ಕೆ ತಂದಿತು. ಮುಂದುವರಿಯಬೇಕೆನ್ನುವವರು ದೇಶದ ಅಧ್ಯಕ್ಷರ ಒಪ್ಪಿಗೆ ಪಡೆಯಬೇಕಿತ್ತು. ನನ್ನ ಪ್ರಕಾರ ಆ ಕಾಯ್ದೆಯ ನಿಜವಾದ ವಿಷ ವಯಸ್ಸಿನಲ್ಲಿರಲಿಲ್ಲ, ಈ ಒಪ್ಪಿಗೆಯಲ್ಲಿತ್ತು. ಸರ್ಕಾರದ ವಿರುದ್ಧದ ಕೇಸು ಕೇಳುತ್ತಲೇ ಸರ್ಕಾರಕ್ಕೆ ಅರ್ಜಿ ಹಾಕಿ ಕಾಯುವುದು ಯಾರಿಗಾದರೂ ಸುಲಭವೇ? ಮುಖ್ಯ ನ್ಯಾಯಾಧೀಶೆ ಮಾಲ್ಗೊರ್ಜಾಟಾ ಗೆರ್ಸ್‌ಡೋರ್ಫ್, ನನ್ನ ಆರು ವರ್ಷದ ಅವಧಿ ಸಂವಿಧಾನದಲ್ಲೇ ಇದೆ ಎಂದು ಎಂದಿನಂತೆ ಕೆಲಸಕ್ಕೆ ಬಂದರು. 2019ರ ಜೂನಿನಲ್ಲಿ ಐರೋಪ್ಯ ನ್ಯಾಯಾಲಯ ಆ ಕಾಯ್ದೆಯೂ ತಪ್ಪು ಎಂದಿತು.

ಭಾರತದಲ್ಲಿ ನಡೆದದ್ದು ಇನ್ನೂ ಸರಳ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಬಂಧನದಲ್ಲಿರುವವರು ಬಿಡುಗಡೆ ಕೋರಿ ಕೋರ್ಟಿಗೆ ಬರಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರ ಪೀಠದ ಮುಂದೆ ಬಂತು. ನಾಲ್ವರು ಬರುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 1977ರ ಜನವರಿಯಲ್ಲಿ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು. ಅವರ ಸಂಬಳ ಕಡಿತವಾಗಲಿಲ್ಲ, ಯಾರೂ ಬೆದರಿಸಲೂ ಇಲ್ಲ. ಆದರೆ ನೋಡುತ್ತಿದ್ದ ಉಳಿದ ಜಡ್ಜುಗಳಿಗೆ ಪಾಠ ತಲುಪಿತು, ಅಲ್ವಾ?

ಇವೆಲ್ಲ ಪತ್ರಿಕೆಯಲ್ಲಿ ಬರುವ ಸುದ್ದಿ. ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಬಾಗಿಲಿದೆ: ಯಾವ ಕೇಸು ಯಾರ ಮುಂದೆ ಹೋಗಬೇಕು ಎಂಬುದು. ನೂರು ಮಂದಿ ಪ್ರಾಮಾಣಿಕರಿರುವ ಕೋರ್ಟಿನಲ್ಲೂ ಮೃದು ಸ್ವಭಾವದವರು ಒಬ್ಬಿಬ್ಬರು ಇರುತ್ತಾರೆ. ಬೇಕಾದ ಕಡತ ಪ್ರತಿ ಸಲ ಅವರ ಮೇಜಿಗೇ ಹೋಗುವಂತೆ ನೋಡಿಕೊಂಡರೆ ಉಳಿದವರ ಪ್ರಾಮಾಣಿಕತೆಗೆ ಕೈಯೇ ಹಚ್ಚಬೇಕಿಲ್ಲ. ಜರ್ಮನಿಯವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಕಾನೂನು ಮೊದಲೇ ಗೊತ್ತುಮಾಡಿದ ನ್ಯಾಯಾಧೀಶರ ಮುಂದಿನಿಂದ ಯಾರ ಕೇಸನ್ನೂ ಕಸಿಯುವಂತಿಲ್ಲ ಎಂದು ಅವರ ಸಂವಿಧಾನದ 101ನೇ ವಿಧಿ ಹೇಳುತ್ತದೆ. ಯಾವ ಬಗೆಯ ಕೇಸು ಯಾವ ಪೀಠಕ್ಕೆ ಎಂಬ ಪಟ್ಟಿಯನ್ನು ವರ್ಷ ಶುರುವಾಗುವ ಮೊದಲೇ ನ್ಯಾಯಾಧೀಶರ ಸಮಿತಿಯೇ ಮಾಡಿಡುತ್ತದೆ. ಕೇಸು ದಾಖಲಾಗುವ ಹೊತ್ತಿಗೆ ಯಾರಿಗೂ ಆಯ್ಕೆ ಉಳಿದಿರುವುದಿಲ್ಲ. ಕೇಳುವುದಕ್ಕೆ ಬಹಳ ಸಪ್ಪೆ ವಿಷಯ. ಆದರೆ ನ್ಯಾಯಾಧೀಶರ ದಿಟ್ಟತನದ ಬಗ್ಗೆ ಮಾಡುವ ಹತ್ತು ಭಾಷಣಗಳಿಗಿಂತ ಇಂಥ ಒಂದು ಪಟ್ಟಿಯ ಮೇಲೆ ನನಗೆ ಜಾಸ್ತಿ ನಂಬಿಕೆ.

ಮಧ್ಯದಲ್ಲಿ ಒಂದು ಮಾತು. ತೀರ್ಪನ್ನು ಟೀಕಿಸುವುದು ಒತ್ತಡವಲ್ಲ. "ಈ ತೀರ್ಪು ತಪ್ಪು, ನಾವು ಮೇಲ್ಮನವಿ ಹಾಕುತ್ತೇವೆ" ಎಂದು ಮಂತ್ರಿಯೊಬ್ಬರು ಹೇಳಿದರೆ ನನಗೇನೂ ತಕರಾರಿಲ್ಲ. "ಈ ಜಡ್ಜನ್ನು ನೋಡಿಕೊಳ್ಳುತ್ತೇವೆ" ಎಂದರೆ ಕಥೆ ಬೇರೆ.

ಇನ್ನು ನಿಷ್ಪಕ್ಷಪಾತ. ಸ್ವಾತಂತ್ರ್ಯ ಇದ್ದ ಮಾತ್ರಕ್ಕೆ ಇದು ತಾನಾಗಿ ಬರುವುದಿಲ್ಲ. ಯಾರ ಹಂಗೂ ಇಲ್ಲದ ಜಡ್ಜ್ ಕೂಡ ಒಂದು ಕಡೆಗೆ ವಾಲಬಹುದು, ಅಥವಾ ವಾಲಿದಂತೆ ಕಾಣಬಹುದು. 1998ರಲ್ಲಿ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಚೆಗೆ ಮಾಜಿ ರಾಷ್ಟ್ರಾಧ್ಯಕ್ಷನೆಂಬ ಕಾರಣಕ್ಕೆ ಬಂಧನದಿಂದ ವಿನಾಯಿತಿ ಇಲ್ಲವೆಂದು ಬ್ರಿಟನ್ನಿನ ಅತ್ಯುನ್ನತ ಪೀಠ ಮೂರು-ಎರಡರ ಬಹುಮತದಲ್ಲಿ ಹೇಳಿತು. ಆ ಮೂವರಲ್ಲಿ ಒಬ್ಬರಾದ ಲಾರ್ಡ್ ಹಾಫ್‌ಮನ್, ಆಮ್ನೆಸ್ಟಿ ಎಂಬ ಮಾನವ ಹಕ್ಕು ಸಂಸ್ಥೆಗೆ ಸೇರಿದ ಒಂದು ದತ್ತಿಯ ಅಧ್ಯಕ್ಷರಾಗಿದ್ದರು. ಆಮ್ನೆಸ್ಟಿ ಅದೇ ಕೇಸಿನಲ್ಲಿ ವಾದ ಮಾಡಿತ್ತು. ಹಾಫ್‌ಮನ್ ಅದನ್ನು ಮೊದಲೇ ಹೇಳಿರಲಿಲ್ಲ. ಅವರು ಬೇಕಂತಲೇ ಪಕ್ಷಪಾತ ಮಾಡಿದರೆಂದು ಕೋರ್ಟ್ ಹೇಳಲಿಲ್ಲ, ಆದರೂ ತೀರ್ಪು ರದ್ದಾಯಿತು, ಬೇರೆ ಪೀಠ ಮತ್ತೆ ಮೊದಲಿನಿಂದ ಕೇಸು ಕೇಳಿತು. 2002ರಲ್ಲಿ ಅಂತಿಮ ರೂಪ ಪಡೆದ, ನ್ಯಾಯಾಧೀಶರ ನಡವಳಿಕೆಯ ಬೆಂಗಳೂರು ತತ್ವಗಳು ಸ್ವಾತಂತ್ರ್ಯ ಮತ್ತು ನಿಷ್ಪಕ್ಷಪಾತ ಎರಡನ್ನೂ ಬೇರೆ ಬೇರೆ ಮೌಲ್ಯಗಳೆಂದೇ ಎಣಿಸಿವೆ.

ಸರಿ, ಆ ಫೋನ್ ನಿಜಕ್ಕೂ ಬಂದರೆ? 2009ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು, ಕೇಂದ್ರ ಸಚಿವರೊಬ್ಬರ ಹೆಸರಿನಲ್ಲಿ ತಮ್ಮ ಮೇಲೆ ಒತ್ತಡ ತರುವ ಪ್ರಯತ್ನ ನಡೆದಿದೆ ಎಂದು ಓಪನ್ ಕೋರ್ಟಿನಲ್ಲೇ ಹೇಳಿದರು. ಹೊಸದಾಗಿ ಕುರ್ಚಿಗೆ ಬಂದ ಕಿರಿಯ ಸ್ನೇಹಿತರು ಸಲಹೆ ಕೇಳಿದರೆ ನಾನು ಹೇಳುವುದೂ ಅದನ್ನೇ. ಫೋನ್ ಇಟ್ಟ ಕೂಡಲೇ ಸಮಯ ಬರೆದುಕೊಳ್ಳಿ, ಆಡಿದ ಮಾತು ಬರೆದುಕೊಳ್ಳಿ, ಮೇಲಿನವರಿಗೆ ತಿಳಿಸಿ. ಮಾರನೆಯ ದಿನ ಕೇಸು ಕೂಗಿದಾಗ ಎರಡೂ ಕಡೆಯ ವಕೀಲರ ಮುಂದೆ ಅದನ್ನು ಓದಿ ಆರ್ಡರ್ ಶೀಟಿಗೆ ಹಾಕಿ. ಅಷ್ಟು ಮಾಡಿದವರಿಗೆ ಎರಡನೇ ಸಲ ಫೋನ್ ಬಂದದ್ದನ್ನು ನಾನಂತೂ ಕೇಳಿಲ್ಲ.