'ರನ್' ಎಂದರೆ ಓಡುವುದೊಂದೇ ಅಲ್ಲವೇ?

ಪ್ರಶ್ನೆ: ನಾನು ಮಡಿಕೇರಿ ಸಮೀಪ ಹೋಂಸ್ಟೇ ನಡೆಸುತ್ತಿದ್ದೇನೆ. ಅತಿಥಿಗಳ ಇಂಗ್ಲಿಷಿನಲ್ಲಿ 'ರನ್' ಎಂಬ ಪದಕ್ಕೆ ಒಂದೊಂದು ಸಲ ಒಂದೊಂದು ಅರ್ಥವಿರುವಂತೆ ತೋರುತ್ತದೆ. ಇದಕ್ಕೆ ಒಟ್ಟು ಎಷ್ಟು ಅರ್ಥಗಳಿವೆ? ಕಲಿಯುವುದು ಹೇಗೆ?

ಉತ್ತರ: ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯ ವೇಳೆ, 2011ರಲ್ಲಿ ವರದಿಯಾದ ಲೆಕ್ಕದಂತೆ, ಕ್ರಿಯಾಪದವಾಗಿಯೇ ಇದಕ್ಕೆ 645 ಅರ್ಥಗಳಿವೆ. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ 'ಸೆಟ್' ಪದದ್ದಾಗಿತ್ತು. ಸಂಖ್ಯೆ ಕಂಡು ಗಾಬರಿಪಡಬೇಕಿಲ್ಲ. ಗೊರಕೆ, ಹರಟೆ, ಸುಣ್ಣ, ಡಂಗುರ ಎಲ್ಲವನ್ನೂ 'ಹೊಡೆ'ಯುವ ನಮಗೆ ಇದು ತೀರಾ ಹೊಸತೂ ಅಲ್ಲ.

ಅರ್ಥಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ವಾಕ್ಯದ ಕರ್ತೃ ಯಾವುದೆಂದು ಮೊದಲು ನೋಡುವುದು ಲೇಸು. ಕುಶಾಲನಗರದಲ್ಲಿ ಕಾವೇರಿ 'ರನ್' ಆದರೆ ಹರಿಯುತ್ತದೆ, ವಿರಾಜಪೇಟೆಯ ಬಸ್ಸು ಓಡುತ್ತದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಿಂತಲ್ಲೇ ತಿರುಗುತ್ತದೆ, ನೆಗಡಿಯಾದ ಮಗುವಿನ ಮೂಗು ಸೋರುತ್ತದೆ, ಹೊಸ ಸೀರೆ ಮೊದಲ ಒಗೆತದಲ್ಲಿ ಬಣ್ಣ ಬಿಡುತ್ತದೆ. ಇವುಗಳಲ್ಲಿ ಹೆಚ್ಚಿನವು ತಡೆಯಿಲ್ಲದೆ ಸಾಗುವ ಭಾವದಿಂದಲೇ ಹುಟ್ಟಿದವು. ತೋಟದ ಬೇಲಿ ಹೊಳೆಯವರೆಗೆ 'ರನ್' ಆಗುತ್ತದೆ ಎಂದಾಗ ಸಾಗುವುದು ಬೇಲಿಯಲ್ಲ, ಅದರ ಗುಂಟ ಹೋಗುವ ನಮ್ಮ ಕಣ್ಣು.

ಎರಡನೆಯದಾಗಿ, ಕರ್ಮಪದ ಇದೆಯೇ ಎಂದು ಗಮನಿಸಬೇಕು. ಕನ್ನಡದಲ್ಲಿ 'ನಡೆ' ಎಂಬುದು 'ನಡೆಸು' ಎಂದೂ 'ಓಡು' ಎಂಬುದು 'ಓಡಿಸು' ಎಂದೂ ರೂಪ ಬದಲಿಸಿ ಅರ್ಥ ತಿಳಿಸುತ್ತವೆ. ಇಂಗ್ಲಿಷಿನ 'ರನ್' ರೂಪ ಬದಲಿಸುವುದಿಲ್ಲವಾದ್ದರಿಂದ, 'ಐ ರನ್ ಎ ಹೋಂಸ್ಟೇ' ಎಂಬಲ್ಲಿ 'ನಡೆಸುತ್ತೇನೆ' ಎಂಬ ಅರ್ಥ ದೊರೆಯುವುದು ಹೋಂಸ್ಟೇ ಎಂಬ ಕರ್ಮಪದದಿಂದ. ಚುನಾವಣೆಯ ಮಾತೇ ಬೇರೆ: ಅಮೆರಿಕದ ಅಭ್ಯರ್ಥಿ 'ರನ್' ಮಾಡುತ್ತಾನೆ, ಬ್ರಿಟನ್ನಿನವನು ನಮ್ಮವರಂತೆ ನಿಲ್ಲುತ್ತಾನೆ.

ನಿಜವಾದ ತೊಡಕು ಇರುವುದು ಬಾಲಂಗೋಚಿಗಳಲ್ಲಿ. 'ಹಾಟ್ ವಾಟರ್ ಹ್ಯಾಸ್ ರನ್ ಔಟ್' ಎಂದು ಅತಿಥಿ ಹೇಳಿದರೆ ನೀರು ಸೋರಿ ಹೊರಗೆ ಹರಿದಿಲ್ಲ, ಗೀಸರಿನಲ್ಲಿ ಬಿಸಿನೀರು ಮುಗಿದಿದೆ. ಪ್ಲಂಬರನ್ನು ಕರೆಸುವ ಅಗತ್ಯವಿಲ್ಲ. 'ರನ್ ಇನ್‌ಟು' ಎಂಬುದು ಪರಿಚಿತರ ವಿಷಯದಲ್ಲಿ ಆಕಸ್ಮಿಕ ಭೇಟಿಯಾದರೆ, ಕಾರು ಮತ್ತು ಮರದ ವಿಷಯದಲ್ಲಿ ಅಪಘಾತ. ಇಂಥವನ್ನು ಬಿಡಿಸಿ ನೋಡದೆ, ಇಡಿಯಾಗಿ ಒಂದು ಪದವೆಂದೇ ಕಲಿಯಬೇಕು. ಇನ್ನು ಕೆಲವೆಡೆ 'ರನ್' ಬಹುಮಟ್ಟಿಗೆ ನಮ್ಮ 'ಆಗು' ಇದ್ದಂತೆ: 'ವಿ ಆರ್ ರನ್ನಿಂಗ್ ಲೇಟ್' ಎಂದು ದಾರಿಯಿಂದ ಫೋನು ಬಂದರೆ ಅವರಿಗೆ ತಡವಾಗುತ್ತಿದೆ ಎಂದಷ್ಟೇ ಅರ್ಥ, ಊಟವನ್ನು ಸ್ವಲ್ಪ ತಡವಾಗಿ ಬಡಿಸಿದರಾಯಿತು.