ಡಿಯಾನೈರಾ ಗಂಡನನ್ನು ಬೇಕೆಂದೇ ಕೊಂದಳಾ?

ಯಾವ ರಾಕ್ಷಸನಿಗೂ ಬಗ್ಗದ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್ ಸತ್ತದ್ದು ಹೆಂಡತಿ ಡಿಯಾನೈರಾ ಕಳಿಸಿದ ನಿಲುವಂಗಿಯಿಂದ. ಅವಳಿಗೆ ಗೊತ್ತಿತ್ತಾ, ಇರಲಿಲ್ವಾ? ಹೇಳುವವರು ಬದಲಾದಂತೆ ಉತ್ತರವೂ ಬದಲಾಗಿದೆ.

ಕಥೆ ಹೀಗಿದೆ. ನದಿ ದಾಟಿಸುವಾಗ ನೆಸ್ಸಸ್ ಎಂಬ ಅರೆಕುದುರೆ ಮನುಷ್ಯ ಡಿಯಾನೈರಾಳ ಮೈಮೇಲೆ ಕೈ ಹಾಕಿದ. ಹರ್ಕ್ಯುಲಿಸ್ ಬಾಣ ಬಿಟ್ಟ. 'ನನ್ನ ರಕ್ತ ತೆಗೆದಿಟ್ಟುಕೋ, ಗಂಡ ಕೈತಪ್ಪದಂತೆ ಮದ್ದಾಗುತ್ತೆ' ಎಂದು ಹೇಳಿ ನೆಸ್ಸಸ್ ಸತ್ತ. ಬಾಣದ ತುದಿಯಲ್ಲಿ ಹೈಡ್ರಾ ಸರ್ಪದ ವಿಷವಿತ್ತು, ಅದು ರಕ್ತಕ್ಕೂ ಸೇರಿತ್ತು. ಎಷ್ಟೋ ವರ್ಷಗಳ ಮೇಲೆ ಹರ್ಕ್ಯುಲಿಸ್, ಇಯೋಲೆ ಎಂಬ ರಾಜಕುಮಾರಿಯನ್ನು ಸೆರೆಹಿಡಿದು ಮನೆಗೇ ಕಳಿಸಿದ. ಆಗ ಮದ್ದು ಹೊರಬಂತು, ಡಿಯಾನೈರಾ ಅದನ್ನು ನಿಲುವಂಗಿಗೆ ಸವರಿ ಗಂಡನಿಗೆ ಕಳಿಸಿದಳು.

ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಹೆಸರಿನಲ್ಲಿ ಉಳಿದಿರುವ ಹಳೆಯ ಕಾವ್ಯದ ತುಣುಕಿನಲ್ಲಿ ಅವಳ ಪರವಾಗಿ ಹೆಚ್ಚೇನಿಲ್ಲ: ಬುದ್ಧಿಗೆಟ್ಟು ಘೋರ ಕೆಲಸ ಮಾಡಿದಳು, ಅಷ್ಟೆ. ಅವಳ ಮಾತು ಕೇಳಬೇಕಾದರೆ ಕ್ರಿ.ಪೂ. 5ನೇ ಶತಮಾನದ ಸಾಫೋಕ್ಲಿಸ್‌ನ ನಾಟಕಕ್ಕೆ ಬರಬೇಕು. ಅಲ್ಲಿ ಅವಳು ಕುರಿಯ ಉಣ್ಣೆಯಿಂದ ಅಂಗಿಗೆ ಮದ್ದು ಸವರಿ, ಉಣ್ಣೆಯನ್ನು ಸುಮ್ನೆ ಬಿಸಿಲಿಗೆ ಎಸೆಯುತ್ತಾಳೆ. ಅದು ಗರಗಸದ ಹುಡಿಯ ಹಾಗೆ ಪುಡಿಯಾಗುತ್ತದೆ. ಬಿದ್ದ ಜಾಗದಲ್ಲಿ ನೊರೆ ಉಕ್ಕುತ್ತದೆ. ಅಷ್ಟರಲ್ಲಿ ಅಂಗಿ ಹೊರಟುಹೋಗಿದೆ. ಮಗ ಹಿಲ್ಲಸ್ ಬಂದು 'ನೀನೇ ಕೊಂದೆ' ಎಂದಾಗ ಅವಳು ಮಾತಾಡದೆ ಒಳಗೆ ಹೋಗಿ, ಗಂಡನ ಹಾಸಿಗೆಯ ಮೇಲೆ ಕತ್ತಿಯಿಂದ ಇರಿದುಕೊಳ್ಳುತ್ತಾಳೆ. ಒಳ್ಳೆಯದನ್ನೇ ಬಯಸಿ ತಪ್ಪು ಮಾಡಿದಳು ಎಂದು ಮಗ ಆಮೇಲೆ ತಂದೆಗೆ ಹೇಳುತ್ತಾನೆ. ಹರ್ಕ್ಯುಲಿಸ್‌ನಿಂದ ಅವಳಿಗಾಗಿ ಒಂದು ಅಯ್ಯೋ ಕೂಡ ಇಲ್ಲ. ಮಗನಿಗೆ ಇಯೋಲೆಯನ್ನು ಮದುವೆಯಾಗು ಅಂತಾನೆ! ನಾಟಕದ ಅತಿ ಕ್ರೂರ ಜಾಗ ಇದೇ ಅನ್ನಿಸುತ್ತೆ ನನಗೆ.

ನೋಡುತ್ತಿದ್ದ ಅಥೆನ್ಸ್ ಜನರಿಗೆ ಇದು ಬರೀ ಪುರಾಣವಲ್ಲ. ಇಂಥದ್ದೇ ಕೊಲೆ ಆರೋಪ ಕೋರ್ಟಿಗೂ ಬರುತ್ತಿತ್ತು. ಕೋರ್ಟಿಗೆ ಭಾಷಣ ಬರೆದುಕೊಡುತ್ತಿದ್ದ ಆಂಟಿಫೋನ್‌ನ ಒಂದು ಭಾಷಣದಲ್ಲಿ, ತಂದೆಗೆ ವಿಷ ಹಾಕಿಸಿದಳೆಂದು ಮಗನೊಬ್ಬ ಮಲತಾಯಿಯ ಮೇಲೆ ದೂರು ತರುತ್ತಾನೆ. ಅದೇ ಪ್ರಕರಣದಲ್ಲಿ ವಶೀಕರಣದ ಮದ್ದೆಂದು ನಂಬಿ ವಿಷ ಬಡಿಸಿದ ಇನ್ನೊಬ್ಬ ಹೆಂಗಸಿಗೆ ಆಗಲೇ ಮರಣದಂಡನೆ ಆಗಿತ್ತು. ಅರಿಸ್ಟಾಟಲ್ ಹೆಸರಿನಲ್ಲಿರುವ ನೀತಿಗ್ರಂಥದಲ್ಲಿ ಇದಕ್ಕೆ ಉಲ್ಟಾ: ಮದ್ದು ಕೊಟ್ಟದ್ದು ಪ್ರೀತಿಯಿಂದ, ಕೊಲ್ಲುವ ಉದ್ದೇಶ ಇರಲಿಲ್ಲ ಎಂದು ಅರಿಯೋಪಾಗಸ್ ನ್ಯಾಯಾಲಯ ಒಬ್ಬಳನ್ನು ಬಿಟ್ಟುಬಿಟ್ಟಿತು.

1745ರಲ್ಲಿ ಲಂಡನ್ನಿನಲ್ಲಿ ಸಂಗೀತ ರಚನಕಾರ ಹ್ಯಾಂಡೆಲ್ ಈ ಕಥೆಯನ್ನು ಸಂಗೀತಕ್ಕೆ ತಂದ. ಅದರಲ್ಲಿ ಹರ್ಕ್ಯುಲಿಸ್‌ಗೆ ಇಯೋಲೆಯ ಮೇಲೆ ಆಸೆಯೇ ಇಲ್ಲ. ಗಂಡನ ತಪ್ಪು ಅಳಿಸಿಹೋಗಿ, ಉಳಿದದ್ದು ಹೆಂಡತಿಯ ಹೊಟ್ಟೆಕಿಚ್ಚು ಮಾತ್ರ. ಡಿಯಾನೈರಾಳಿಗೆ ಅಲ್ಲಿ ಹುಚ್ಚು ಹಿಡಿಯುತ್ತದೆ.