40-27-15: ಕಪ್ ಗೆದ್ದ ಕಿಂಗ್ಸ್ ಮರುವರ್ಷ ಪ್ಲೇಆಫ್‌ಗೇ ಬರಲಿಲ್ಲ, ಏಕೆ?

ಐಸ್ ಹಾಕಿಯ ಪಾಯಿಂಟ್ ಪಟ್ಟಿ ಓದುವುದನ್ನು ನಾನು ಕಲಿತಿದ್ದು ಒಂದೇ ತಂಡದ ಒಂದೇ ಸೀಸನ್ನಿನಿಂದ. ಲಾಸ್ ಏಂಜಲೀಸ್ ಕಿಂಗ್ಸ್, 2014-15. ಮೂರು ಸಂಜೆ 40-27-15 ಅನ್ನುವ ಈ ಒಂದು ಸಾಲಿನ ಮುಂದೆ ಕೂತಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕ್ರಿಕೆಟ್ ನೋಡಿ ಬೆಳೆದು ಈಗ ಈ ಆಟಕ್ಕೆ ಬಂದವರಿಗೆ ಉಪಯೋಗ ಆಗಬಹುದು. ಪಕ್, ಗೋಲಿ, 20 ನಿಮಿಷದ ಮೂರು ಪೀರಿಯಡ್, ಇವೆಲ್ಲ ನಿಮಗೆ ಗೊತ್ತು ಅಂದುಕೊಂಡೇ ಮುಂದೆ ಹೋಗುತ್ತೇನೆ.

ಹಿಂದಿನ ಕಥೆ, ಚಿಕ್ಕದಾಗಿ

ಕಿಂಗ್ಸ್ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ಗೆ ಬಂದಿದ್ದು 1967ರಲ್ಲಿ. ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಮೊದಲು ಸಿಕ್ಕಿದ್ದು 2012ರಲ್ಲಿ, ಅದೂ ಎಂಟನೇ, ಅಂದರೆ ಕೊನೆಯ ಸ್ಥಾನದಿಂದ ಪ್ಲೇಆಫ್ ಹೊಕ್ಕು. 2013ರಲ್ಲಿ ಕಾನ್ಫರೆನ್ಸ್ ಫೈನಲ್ (ಸೆಮಿಫೈನಲ್ ಇದ್ದ ಹಾಗೆ) ತನಕ ಹೋಗಿ ಶಿಕಾಗೋಗೆ ಸೋತರು. 2014ರಲ್ಲಿ ಮತ್ತೆ ಕಪ್. ಆ ವರ್ಷದ ಓಟ ಮೈ ಜುಮ್ಮೆನ್ನಿಸುವಂಥದ್ದು. ಮೊದಲ ಸುತ್ತಿನಲ್ಲಿ ಸ್ಯಾನ್ ಹೊಸೆ ವಿರುದ್ಧದ ಏಳು ಪಂದ್ಯಗಳ ಸರಣಿಯಲ್ಲಿ 0-3 ಹಿಂದೆ ಬಿದ್ದು, ನಾಲ್ಕಕ್ಕೆ ನಾಲ್ಕೂ ಗೆದ್ದರು. ಆಮೇಲೆ ಅನಾಹೈಮ್, ಆಮೇಲೆ ಶಿಕಾಗೋ. ಮೂರೂ ಸರಣಿ ಏಳನೇ ಪಂದ್ಯದ ತನಕ ಹೋದವು. ಮೂರೂ ಏಳನೇ ಪಂದ್ಯಗಳನ್ನು ಎದುರಾಳಿಯ ಊರಲ್ಲೇ ಗೆದ್ದರು.

ಫೈನಲ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ವಿರುದ್ಧ 4-1. ನೋಡಿದರೆ ಸಲೀಸು ಅನ್ನಿಸುತ್ತೆ, ಅಲ್ವಾ? ಆದರೆ ಆ ನಾಲ್ಕು ಗೆಲುವಿನಲ್ಲಿ ಮೂರು ಬಂದಿದ್ದು 60 ನಿಮಿಷಕ್ಕೆ ಸಮ ಆದ ಮೇಲಿನ ಹೆಚ್ಚುವರಿ ಆಟದಲ್ಲಿ, ಅಂದರೆ ಓವರ್‌ಟೈಮ್‌ನಲ್ಲಿ. ಕೊನೆಯದು ಜೂನ್ 13ರಂದು, ಎರಡನೇ ಓವರ್‌ಟೈಮ್‌ನಲ್ಲಿ ಅಲೆಕ್ ಮಾರ್ಟಿನೆಜ್ ಹೊಡೆದ ಗೋಲು. ಈ ಮಾತು ನೆನಪಿಟ್ಟುಕೊಳ್ಳಿ: ಓವರ್‌ಟೈಮ್ ಗೆದ್ದೇ ಕಪ್ ಎತ್ತಿದ ತಂಡ ಇದು. ಮುಂದೆ ಬೇಕಾಗುತ್ತೆ.

ಮರುವರ್ಷ ಅದೇ ಕೋಚ್ ಡ್ಯಾರಿಲ್ ಸಟರ್. ಅದೇ ಗೋಲಿ ಜೊನಾಥನ್ ಕ್ವಿಕ್. ಅದೇ ಕೊಪಿಟಾರ್, ಡೌಟಿ, ಕಾರ್ಟರ್. ಆದರೂ ಪ್ಲೇಆಫ್ ಇಲ್ಲ. ಹಾಲಿ ಚಾಂಪಿಯನ್ ಹೀಗೆ ಹೊರಗೆ ಉಳಿದಿದ್ದು 2006-07ರ ಕ್ಯಾರೊಲೈನಾ ಹರಿಕೇನ್ಸ್ ನಂತರ ಇದೇ ಮೊದಲು.

ನಾನು ಎಡವಿದ ಜಾಗ

ಪೆಸಿಫಿಕ್ ಡಿವಿಜನ್ನಿನ ಈ ಎರಡು ಸಾಲು ನೋಡಿ.

ಕ್ಯಾಲ್ಗರಿ ಫ್ಲೇಮ್ಸ್: 45-30-7, ಒಟ್ಟು 97 ಪಾಯಿಂಟ್
ಲಾಸ್ ಏಂಜಲೀಸ್ ಕಿಂಗ್ಸ್: 40-27-15, ಒಟ್ಟು 95 ಪಾಯಿಂಟ್

ಕ್ಯಾಲ್ಗರಿ ಮೂರನೇ ಸ್ಥಾನಕ್ಕೆ ಬಂದು ಪ್ಲೇಆಫ್‌ಗೆ ಹೋಯಿತು. ಕಿಂಗ್ಸ್ ನಾಲ್ಕನೇ ಸ್ಥಾನ. ಪ್ರತಿ ಡಿವಿಜನ್ನಿನ ಮೊದಲ ಮೂವರ ನಂತರ, ಕಾನ್ಫರೆನ್ಸಿನಲ್ಲಿ (ಎರಡು ಡಿವಿಜನ್ ಸೇರಿದ ಗುಂಪು) ಉಳಿದವರಲ್ಲಿ ಮೇಲಿನ ಇಬ್ಬರಿಗೆ ಸಿಗುವ ವೈಲ್ಡ್ ಕಾರ್ಡ್ ಜಾಗ ಎರಡೂ ಸೆಂಟ್ರಲ್ ಡಿವಿಜನ್ನಿಗೆ ಹೋದವು, ಮಿನೆಸೊಟಾಗೆ 100 ಪಾಯಿಂಟ್, ವಿನಿಪೆಗ್‌ಗೆ 99. ಹಾಗಾಗಿ ಕಿಂಗ್ಸ್‌ಗೆ ಇದ್ದ ದಾರಿ ಒಂದೇ, ಕ್ಯಾಲ್ಗರಿಯನ್ನು ದಾಟುವುದು.

ನಾನು ಮೂರನೇ ಅಂಕೆಯನ್ನು ಡ್ರಾ ಅಂತ ಓದಿದ್ದೆ. ಫುಟ್‌ಬಾಲ್ ಪಟ್ಟಿ ನೋಡಿದ ಅಭ್ಯಾಸ. ಹಾಗೆ ಓದಿದರೆ ಕಿಂಗ್ಸ್ ಸೋತಿದ್ದು ಬರೀ 27, ಕ್ಯಾಲ್ಗರಿ ಸೋತಿದ್ದು 30. ಕಮ್ಮಿ ಸೋತ ತಂಡ ಹೊರಗೆ, ಜಾಸ್ತಿ ಸೋತ ತಂಡ ಒಳಗೆ! ಇಲ್ಲೇ ಎರಡು ಸಂಜೆ ಹೋಯಿತು.

ಡ್ರಾ ಅನ್ನುವುದೇ ಈ ಲೀಗಿನಲ್ಲಿ ಇಲ್ಲ. 2005-06ರಲ್ಲಿ ಶೂಟೌಟ್ ಬಂದ ಮೇಲೆ ಪ್ರತಿ ಪಂದ್ಯಕ್ಕೂ ಒಬ್ಬ ಗೆದ್ದವ, ಒಬ್ಬ ಸೋತವ. ಮೂರನೇ ಅಂಕೆಯೂ ಸೋಲೇ. 60 ನಿಮಿಷ ಮುಗಿದ ಮೇಲೆ, ಓವರ್‌ಟೈಮ್‌ನಲ್ಲೋ ಶೂಟೌಟ್‌ನಲ್ಲೋ ಬಂದ ಸೋಲು. ಅದಕ್ಕೆ ಸಮಾಧಾನಕ್ಕೆ ಅಂತ ಒಂದು ಪಾಯಿಂಟ್ ಕೊಡುತ್ತಾರೆ, ಅಷ್ಟೇ. ಗೆದ್ದರೆ 2. 60 ನಿಮಿಷದೊಳಗೆ ಸೋತರೆ 0. ಆಮೇಲೆ ಸೋತರೆ 1.

ಈಗ ಪೆನ್ಸಿಲ್ ಹಿಡಿದು ಮಾಡಿ ನೋಡಿ. ಸುಮ್ನೆ ಕಣ್ಣಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ. 40 ಗೆಲುವು, ಎರಡರಂತೆ 80. ಮೂರನೇ ಅಂಕೆಯಿಂದ 15. ಒಟ್ಟು 95. ಸರಿ ಬಂತು. ಈಗ ಸೋಲು ಲೆಕ್ಕ ಹಾಕಿ. 27ಕ್ಕೆ 15 ಸೇರಿಸಿ, 42. ಅಂದರೆ ಕಿಂಗ್ಸ್ 82 ಪಂದ್ಯದಲ್ಲಿ 40 ಗೆದ್ದು 42 ಸೋತರು. ಕ್ಯಾಲ್ಗರಿ? 45 ಗೆದ್ದು 37 ಸೋತರು.

ಹೀಗೆ ಎರಡು ಅಂಕೆ ಮಾಡಿ ಬರೆದ ತಕ್ಷಣ ಚಿತ್ರವೇ ಬದಲಾಗುತ್ತೆ. 40-42 ಬರೆದ ತಂಡ ಹೊರಗೆ ಉಳಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಈಗ ನಾನು ಯಾವ ಹಾಕಿ ತಂಡದ ಸಾಲು ನೋಡಿದರೂ ಮೊದಲು ಕೊನೆಯ ಎರಡು ಅಂಕೆ ಕೂಡಿಸುತ್ತೇನೆ. ಇದೊಂದು ಅಭ್ಯಾಸ ಮಾಡಿಕೊಳ್ಳಿ.

ಆ 18 ಪಂದ್ಯ

15 ಸೋಲು ಎಲ್ಲಿಂದ ಬಂತು ಅಂತ ಇನ್ನೂ ಬಿಡಿಸಬೇಕು. ಕಿಂಗ್ಸ್ ಆಡಿದ 82ರಲ್ಲಿ 18 ಪಂದ್ಯ 60 ನಿಮಿಷಕ್ಕೆ ಮುಗಿಯಲಿಲ್ಲ. ಓವರ್‌ಟೈಮ್‌ನಲ್ಲಿ 1 ಗೆಲುವು, 7 ಸೋಲು. ಶೂಟೌಟ್‌ನಲ್ಲಿ 2 ಗೆಲುವು, 8 ಸೋಲು. ಒಟ್ಟು 3-15.

ಉಳಿದ 64 ಪಂದ್ಯ 60 ನಿಮಿಷದಲ್ಲೇ ತೀರ್ಮಾನ ಆದವು. ಅದರಲ್ಲಿ 37 ಗೆಲುವು, 27 ಸೋಲು. ಇದು ಒಳ್ಳೆ ತಂಡದ ಲೆಕ್ಕ. ಸೀಸನ್ ಹಾಳಾಗಿದ್ದು 60 ನಿಮಿಷ ಮುಗಿದ ಮೇಲಿನ ಆ ಚಿಕ್ಕ ಹೊತ್ತಿನಲ್ಲಿ.

18 ಪಂದ್ಯವನ್ನು ನಾಣ್ಯ ಚಿಮ್ಮಿದ ಹಾಗೆ ಅರ್ಧರ್ಧ ಹಂಚಿ. 9-9. ಆಗ ಆರು ಸೋಲು ಗೆಲುವಾಗುತ್ತೆ. ಪ್ರತಿಯೊಂದಕ್ಕೂ ಹೆಚ್ಚಾಗುವುದು ಒಂದೇ ಪಾಯಿಂಟ್, ಏಕೆಂದರೆ ಒಂದು ಆಗಲೇ ಸಿಕ್ಕಿದೆ. ಇಲ್ಲಿ ನಾನು ಮೊದಲು ಎರಡೆರಡು ಕೂಡಿಸಿ 107 ಬರೆದಿದ್ದೆ, ತಪ್ಪು. 95ಕ್ಕೆ 6 ಸೇರಿಸಿ, 101. ಅದು ಎರಡನೇ ಸ್ಥಾನದ ವ್ಯಾಂಕೂವರ್‌ನ ಪಾಯಿಂಟ್.

ಅರ್ಧರ್ಧವೂ ಬೇಡ, ಎರಡೇ ಬದಲಾಗಿದ್ದರೆ? 97, ಕ್ಯಾಲ್ಗರಿಗೆ ಸಮ. ಸಮ ಆದರೆ ಆಗ ನೋಡುತ್ತಿದ್ದದ್ದು ಶೂಟೌಟ್ ಗೆಲುವು ಬಿಟ್ಟು ಉಳಿದ ಗೆಲುವು. ಕ್ಯಾಲ್ಗರಿಗೆ 41. ಕಿಂಗ್ಸ್‌ಗೆ 38, ಬದಲಾದ ಎರಡೂ ಓವರ್‌ಟೈಮ್ ಗೆಲುವೇ ಆದರೂ 40. ಸಾಲದು. ಹಾಗಾಗಿ ಮೂರು ಬೇಕಿತ್ತು. 18ರಲ್ಲಿ 6 ಗೆದ್ದು 12 ಸೋತಿದ್ದರೂ ಕಿಂಗ್ಸ್ ಒಳಗಿರುತ್ತಿದ್ದರು.

ಒಂದು ರಾತ್ರಿ, ಹತ್ತಿರದಿಂದ

ಮೇಲಿನ ಲೆಕ್ಕದಲ್ಲಿ ಎದುರಾಳಿಯ ಪಾಯಿಂಟ್ ಮುಟ್ಟಿಲ್ಲ. ಎದುರಾಳಿ ಕ್ಯಾಲ್ಗರಿಯೇ ಆಗಿದ್ದರೆ? ಅಂಥ ಒಂದು ಪಂದ್ಯ ಇದೆ.

2014 ಡಿಸೆಂಬರ್ 22, ಲಾಸ್ ಏಂಜಲೀಸ್. ಕ್ಯಾಲ್ಗರಿ ಸತತ ಎಂಟು ಸೋತು ಬಂದಿದೆ. ಕಿಂಗ್ಸ್ 3-0 ಮುಂದೆ. ಅಲ್ಲಿಂದ ಕ್ಯಾಲ್ಗರಿಯ ಜಾನಿ ಗೊಡ್ರೊ ಒಬ್ಬರೇ ಮೂರು ಗೋಲು ಹೊಡೆದು 3-3 ಮಾಡುತ್ತಾರೆ. ಅವರ ಮೊದಲ ಎನ್‌ಎಚ್‌ಎಲ್ ಹ್ಯಾಟ್ರಿಕ್ ಅದು. ಓವರ್‌ಟೈಮ್‌ನಲ್ಲಿ ಮಾರ್ಕ್ ಜಿಯೋರ್ಡಾನೊ ಮುಗಿಸುತ್ತಾರೆ, 4-3. ಗೊಡ್ರೊ ಮತ್ತು ಅವರ ತಮ್ಮ 2024ರ ಆಗಸ್ಟ್‌ನಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಕಾರು ಗುದ್ದಿ ತೀರಿಕೊಂಡರು. ಆ ಹ್ಯಾಟ್ರಿಕ್ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಆ ರಾತ್ರಿ ಕ್ಯಾಲ್ಗರಿಗೆ 2 ಪಾಯಿಂಟ್, ಕಿಂಗ್ಸ್‌ಗೆ 1. ಈಗ ಊಹಿಸಿ: ಕಿಂಗ್ಸ್ ಆ 3-0 ಉಳಿಸಿಕೊಂಡು 60 ನಿಮಿಷಕ್ಕೇ ಮುಗಿಸಿದರು. ಕಿಂಗ್ಸ್‌ಗೆ ಒಂದು ಹೆಚ್ಚು, 96. ಕ್ಯಾಲ್ಗರಿಗೆ ಎರಡು ಕಮ್ಮಿ, 95. ಮಿಕ್ಕ ಪಂದ್ಯಗಳೆಲ್ಲ ಹಾಗೇ ಇದ್ದರೆ ಮೂರನೇ ಸ್ಥಾನ ಕಿಂಗ್ಸ್‌ದು!

ಅದೇ ಕಿಂಗ್ಸ್ ಓವರ್‌ಟೈಮ್‌ನಲ್ಲಿ ಗೆದ್ದಿದ್ದರೆ? ಕಿಂಗ್ಸ್ 96, ಕ್ಯಾಲ್ಗರಿ 96. ಶೂಟೌಟ್ ಬಿಟ್ಟು ಗೆಲುವು ಕಿಂಗ್ಸ್‌ಗೆ 39, ಕ್ಯಾಲ್ಗರಿಗೆ 40. ಆಗಲೂ ಕ್ಯಾಲ್ಗರಿಯೇ ಮುಂದೆ. ಅದೇ ರಾತ್ರಿ, ಅದೇ ಗೆಲುವು. ಆದರೆ 60ನೇ ನಿಮಿಷದ ಆಚೆಗೋ ಈಚೆಗೋ ಅನ್ನುವುದರ ಮೇಲೆ ಇಡೀ ಸೀಸನ್ ನಿಂತಿದೆ. ಪಾಯಿಂಟ್ ಪದ್ಧತಿ ನನಗೆ ನಿಜವಾಗಿ ಅರ್ಥ ಆಗಿದ್ದು ಈ ಲೆಕ್ಕ ಮಾಡಿದ ಮೇಲೆ. 60 ನಿಮಿಷದಲ್ಲಿ ಮುಗಿದ ಪಂದ್ಯದಿಂದ ಲೀಗ್ ಹಂಚುವುದು 2 ಪಾಯಿಂಟ್, ಆಚೆ ಹೋದರೆ 3. ನಿಮ್ಮ ಹತ್ತಿರದ ಪೈಪೋಟಿಯ ತಂಡದ ಜೊತೆ ಆಡುವಾಗ ಆ ಮೂರನೇ ಪಾಯಿಂಟ್ ಹುಟ್ಟದ ಹಾಗೆ ನೋಡಿಕೊಳ್ಳಬೇಕು.

ಅದೃಷ್ಟವೋ, ಕೊರತೆಯೋ

ಪ್ಲೇಆಫ್ ಓವರ್‌ಟೈಮ್ ಗೆಲ್ಲುತ್ತಿದ್ದ ತಂಡ ಇಲ್ಲಿ ಏಕೆ ಸೋತಿತು? ಹೆಸರು ಒಂದೇ, ಆಟ ಬೇರೆ. ಪ್ಲೇಆಫ್‌ನಲ್ಲಿ ಐದು ಜನಕ್ಕೆ ಐದು ಜನ, 20 ನಿಮಿಷದ ಪೀರಿಯಡ್, ಗೋಲು ಬರುವ ತನಕ ಆಟ. ಶೂಟೌಟ್ ಇಲ್ಲವೇ ಇಲ್ಲ. ಮಾಮೂಲಿ ಸೀಸನ್ನಿನಲ್ಲಿ ಆಗ ನಾಲ್ಕಕ್ಕೆ ನಾಲ್ಕು, ಬರೀ 5 ನಿಮಿಷ. ಆಮೇಲೆ ಶೂಟೌಟ್, ಒಬ್ಬೊಬ್ಬರೇ ಗೋಲಿ ಎದುರಿಗೆ. ನಮ್ಮ ಸೂಪರ್ ಓವರ್ ಇದ್ದ ಹಾಗೆ. ಎದುರಾಳಿಯನ್ನು ನಿಧಾನಕ್ಕೆ ಅರೆದು ಸುಸ್ತು ಮಾಡುವುದು ಸಟರ್ ತಂಡದ ಶಕ್ತಿ. ಅದಕ್ಕೆ ಹೊತ್ತು ಬೇಕು. 5 ನಿಮಿಷದಲ್ಲಿ ಏನು ಅರೆಯಲು ಸಾಧ್ಯ?

ನಾಣ್ಯದ ಲೆಕ್ಕವನ್ನೂ ಮಾಡಿದೆ. 18 ಸಲ ಚಿಮ್ಮಿ 3 ಅಥವಾ ಅದಕ್ಕಿಂತ ಕಮ್ಮಿ ಸಲ ಗೆಲ್ಲುವ ದಾರಿಗಳು 1, 18, 153, 816, ಕೂಡಿದರೆ 988. ಒಟ್ಟು ದಾರಿಗಳು 2,62,144. ಭಾಗಿಸಿದರೆ ಸುಮಾರು 265ಕ್ಕೆ ಒಂದು. ತೀರಾ ಅಪರೂಪ ಅನ್ನಿಸುತ್ತೆ. ಆದರೆ ಆಗ ಲೀಗಿನಲ್ಲಿ 30 ತಂಡ. ಹತ್ತು ಸೀಸನ್ ಅಂದರೆ 300 ತಂಡ-ಸೀಸನ್. ಎಲ್ಲರಿಗೂ 18 ಇಂಥ ಪಂದ್ಯ ಬರುವುದಿಲ್ಲ, ಆದರೂ ಅಂದಾಜಿಗೆ ಹತ್ತು ವರ್ಷಕ್ಕೊಮ್ಮೆ ಯಾರೋ ಒಬ್ಬರಿಗೆ ಹೀಗೆ ಆಗುವುದು ಸಹಜ. ಈ ಸಲ ಅದು ಚಾಂಪಿಯನ್ನರ ಪಾಲಿಗೆ ಬಂತು. ನನ್ನ ಪ್ರಕಾರ ಮುಕ್ಕಾಲು ಪಾಲು ಅದೃಷ್ಟ, ಕಾಲು ಪಾಲು ಕಿಂಗ್ಸ್ ಆಟದ ರೀತಿ.

ಇದಕ್ಕೆ ಇನ್ನೊಂದು ಸಾಕ್ಷಿ ಕೋರ್ಸಿ. ಗೋಲಿನ ಕಡೆ ಹೊಡೆದ ಎಲ್ಲ ಹೊಡೆತ, ಗೋಲಿ ತಡೆದದ್ದು, ಗುರಿ ತಪ್ಪಿದ್ದು, ನಡುವೆ ಯಾರೋ ಅಡ್ಡ ನಿಂತದ್ದು, ಎಲ್ಲ ಎಣಿಸಿ ನಮ್ಮ ಪಾಲು ಎಷ್ಟು ಅಂತ ನೋಡುವುದು. ಪಕ್ ಯಾರ ಹತ್ತಿರ ಜಾಸ್ತಿ ಇತ್ತು ಅನ್ನುವುದರ ಅಳತೆ. ಆ ವರ್ಷ ಕಿಂಗ್ಸ್ ಸುಮಾರು ನೂರಕ್ಕೆ 55, ಲೀಗಿನಲ್ಲೇ ಮೇಲೆ. ಕ್ಯಾಲ್ಗರಿ ಸುಮಾರು 44, ತಳದ ಹತ್ತಿರ. ಪಕ್ ಜಾಸ್ತಿ ಹಿಡಿದವರು ಹೊರಗೆ, ಕಮ್ಮಿ ಹಿಡಿದವರು ಒಳಗೆ.

ಉಳಿದ ಕಾರಣಗಳು

ದಣಿವು. 2012ರಿಂದ 2014ರ ತನಕ ಪ್ಲೇಆಫ್ ಪಂದ್ಯಗಳೇ 20, 18, 26, ಒಟ್ಟು 64. ಮಧ್ಯೆ ಸೋಚಿ ಒಲಿಂಪಿಕ್ಸ್ ಬೇರೆ. ರಕ್ಷಣಾ ಆಟಗಾರ ಸ್ಲಾವಾ ವೋಯ್ನೊವ್ ಕೌಟುಂಬಿಕ ಹಿಂಸೆಯ ಆರೋಪದಲ್ಲಿ ಬಂಧನವಾದ ಮೇಲೆ ಲೀಗ್ ಅಕ್ಟೋಬರ್‌ನಲ್ಲೇ ಅವರನ್ನು ಅಮಾನತು ಮಾಡಿತು. ಆ ಭಾರ ಡ್ರೂ ಡೌಟಿ ಮೇಲೆ ಬಿತ್ತು. ಪ್ರತಿ ಪಂದ್ಯಕ್ಕೆ ಸರಾಸರಿ ಸುಮಾರು 29 ನಿಮಿಷ, 82ಕ್ಕೆ 82 ಪಂದ್ಯ. ಕ್ವಿಕ್ 72 ಪಂದ್ಯದಲ್ಲಿ ಗೋಲು ಕಾದರು. ಎರಡೂ ಕಪ್ ತಂಡದಲ್ಲಿದ್ದ ಮೈಕ್ ರಿಚರ್ಡ್ಸ್ ಅವರನ್ನು ಜನವರಿಯಲ್ಲಿ ಕೆಳಗಿನ ಲೀಗಿಗೆ ಕಳಿಸಿದರು. ಫೆಬ್ರವರಿಯಲ್ಲಿ ಕಿಂಗ್ಸ್ ಸತತ ಎಂಟು ಗೆದ್ದು ಆಸೆ ಹುಟ್ಟಿಸಿದರು. ಅದರಲ್ಲೊಂದು ಸಾಂತಾ ಕ್ಲಾರಾದ ಬಯಲು ಸ್ಟೇಡಿಯಂನಲ್ಲಿ, 70,205 ಜನರ ಮುಂದೆ.

ಏಪ್ರಿಲ್ 6ರಂದು ವ್ಯಾಂಕೂವರ್ ವಿರುದ್ಧ ಶೂಟೌಟ್ ಸೋಲು. ಮಾರನೇ ದಿನ ಪಟ್ಟಿಯ ತಳದ ಹತ್ತಿರವಿದ್ದ ಎಡ್ಮಂಟನ್ ಎದುರು 2-4. ಏಪ್ರಿಲ್ 9ರಂದು ಕ್ಯಾಲ್ಗರಿಯಲ್ಲಿ 1-3. ಅಲ್ಲಿಗೆ ಮುಗಿಯಿತು. ಸಟರ್ ಹಿಂದೆ ಇದೇ ಕ್ಯಾಲ್ಗರಿಯ ಕೋಚ್ ಆಗಿ 2004ರಲ್ಲಿ ಅವರನ್ನು ಫೈನಲ್ ತನಕ ಕರೆದೊಯ್ದವರು.

ನೀವೇ ಮಾಡಿ ನೋಡಲು ಒಂದು ಲೆಕ್ಕ

2006ರಲ್ಲಿ ಕಪ್ ಗೆದ್ದ ಕ್ಯಾರೊಲೈನಾ ಮರುವರ್ಷ 40-34-8, 88 ಪಾಯಿಂಟ್. ಕಿಂಗ್ಸ್‌ನಷ್ಟೇ 40 ಗೆಲುವು. ಹಾಗಾದರೆ ಅದೇ ಕಾರಣವಾ? ಅದೇ ವರ್ಷದ, ಅದೇ ಈಸ್ಟರ್ನ್ ಕಾನ್ಫರೆನ್ಸಿನ ಈ ಮೂರು ಸಾಲು ಪಕ್ಕದಲ್ಲಿಡಿ.

ನ್ಯೂಯಾರ್ಕ್ ಐಲ್ಯಾಂಡರ್ಸ್: 40-30-12, 92 ಪಾಯಿಂಟ್
ಟೊರಾಂಟೊ: 40-31-11, 91 ಪಾಯಿಂಟ್
ಮಾಂಟ್ರಿಯಲ್: 42-34-6, 90 ಪಾಯಿಂಟ್

ಐಲ್ಯಾಂಡರ್ಸ್ ಎಂಟನೆಯವರಾಗಿ ಒಳಗೆ ಹೋದರು, ಉಳಿದವರೆಲ್ಲ ಹೊರಗೆ. ಎರಡು ಪಂದ್ಯ ಜಾಸ್ತಿ ಗೆದ್ದ ಮಾಂಟ್ರಿಯಲ್ ಅವರಿಗಿಂತ ಎರಡು ಪಾಯಿಂಟ್ ಹಿಂದೆ! ಕಿಂಗ್ಸ್‌ಗೆ ಮೋಸ ಮಾಡಿದ ಅದೇ ಮೂರನೇ ಅಂಕೆ ಇಲ್ಲಿ ಐಲ್ಯಾಂಡರ್ಸ್‌ಗೆ ಕೈ ಹಿಡಿದಿದೆ. ಕ್ಯಾರೊಲೈನಾದ್ದು ಬೇರೆ ಕಥೆ. ಆ 8ರಲ್ಲಿ ಮೂರು ಗೆಲುವಾಗಿದ್ದರೂ 91, ಸಾಲದು. ಅವರು ಕಳೆದುಕೊಂಡಿದ್ದು ಎರಡನೇ ಅಂಕೆಯಲ್ಲಿ, 60 ನಿಮಿಷದೊಳಗಿನ 34 ಸೋಲಿನಲ್ಲಿ.